ಪರೀಕ್ಷೆಯ ವಾರದಲ್ಲೂ ತಪ್ಪದ ಸೇವೆ: ದಾವಣಗೆರೆಯಲ್ಲಿ ಓದುವ ವಿಶ್ವಾಸಿಗೆ ಒಂದು ವರ್ಷದ ದಾರಿ

ಜಗಳೂರು ಕಡೆಯಿಂದ ದಾವಣಗೆರೆಗೆ ಬಿ.ಕಾಂ. ಓದಲು ಬಂದ ಮೊದಲ ವರ್ಷ, ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಯಾರು ಏನು ಹೇಳಿದರೂ ನಾನು "ಆಯ್ತ್ರಿ" ಅಂದೆ. ಕ್ವಾಯರ್‌ಗೆ ಆಯ್ತ್ರಿ, ಸಂಡೆ ಸ್ಕೂಲಿಗೆ ಆಯ್ತ್ರಿ, ಮಹಿಳೆಯರ ಅನ್ಯೋನ್ಯ ಕೂಟಕ್ಕೆ ಚಾಪೆ ಹಾಸೋದಕ್ಕೂ ಆಯ್ತ್ರಿ. ಡಿಸೆಂಬರ್ ಬಂತು. ಹದಿನಾಲ್ಕು ರಾತ್ರಿ ಮನೆಮನೆಗೆ ಹೋಗಿ ಕ್ಯಾರಲ್ (ಕ್ರಿಸ್ತ ಜನನದ ಹಾಡು) ಹಾಡಿ ಗಂಟಲು ಕಟ್ಟಿತು, ಬೆನ್ನಿಗೇ ಬಂದ ಪರೀಕ್ಷೆಯಲ್ಲಿ ಅಕೌಂಟೆನ್ಸಿ ಬ್ಯಾಕ್ ಉಳಿಯಿತು. ಅವ್ವ ಫೋನಿನಲ್ಲಿ ಬೈಯಲಿಲ್ಲ. "ನಿನ್ನ ದೇವ್ರ ಕೆಲಸಕ್ಕ ಕಳಿಸಿದ್ವೋ, ಓದಾಕ ಕಳಿಸಿದ್ವೋ ನೀನೇ ಹೇಳವ್ವಾ" ಅಂದು ಸುಮ್ಮನಾದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿ ಬೇರೆ ಇತ್ತು. ಬ್ಯಾಕ್ ಬಂದ ಗಾಬರಿಯಲ್ಲಿ ಒಂದೂವರೆ ತಿಂಗಳು ಸಂಡೆ ಸ್ಕೂಲಿಗೆ ಹೋಗಲೇ ಇಲ್ಲ. ಮಕ್ಕಳು ಬಂದು ಬಾಗಿಲಲ್ಲಿ ಕೂತು ವಾಪಸ್ ಹೋದರಂತೆ.

ಎರಡನೇ ವರ್ಷ ಲೆಕ್ಕ ಹಾಕಿ ನಡೆದೆ. ಈ ಬರಹ ಆ ವರ್ಷದ್ದು. ನೀವು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಕಡೆಯವರಿರಲಿ, ಕ್ಯಾಥೊಲಿಕರಿರಲಿ, ಪೆಂತೆಕೊಸ್ತಿನವರಿರಲಿ, ಲೆಕ್ಕ ಒಂದೇ. ಮಠದ ಹಾಸ್ಟೆಲಿನಲ್ಲಿದ್ದು ದಾಸೋಹಕ್ಕೆ ಕೈಜೋಡಿಸುವ ಗೆಳತಿಯೊಬ್ಬಳು ಇದರಲ್ಲಿ ಅರ್ಧ ತನಗೂ ಆಗುತ್ತದೆ ಅಂತ ಬರೆದುಕೊಂಡಳು.

ಮೊದಲು: ಮೂರು ಕ್ಯಾಲೆಂಡರ್ ಒಂದೇ ಹಾಳೆಗೆ

ಒಂದು ದೊಡ್ಡ ಡ್ರಾಯಿಂಗ್ ಹಾಳೆ ತಂದು ಜೂನ್‌ನಿಂದ ಮೇವರೆಗೆ ಹನ್ನೆರಡು ಮನೆ ಹಾಕಿ. ಮೊದಲು ವಿಶ್ವವಿದ್ಯಾಲಯದ ದಿನಗಳು: ತರಗತಿ ಶುರು, ಎರಡು ಇಂಟರ್ನಲ್ ಟೆಸ್ಟ್, ಪ್ರಾಯೋಗಿಕ, ಸೆಮಿಸ್ಟರ್ ಪರೀಕ್ಷೆ. ಇವನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ವಿಶ್ವವಿದ್ಯಾಲಯ ಇರುವ ತೋಳಹುಣಸೆಯಿಂದ ವೇಳಾಪಟ್ಟಿ ಬಂದ ಮೇಲೂ ಒಮ್ಮೊಮ್ಮೆ ಮುಂದಕ್ಕೆ ಹೋಗುವುದುಂಟು.

ಆಮೇಲೆ ಸಭೆಯ ದಿನಗಳನ್ನು ಪೆನ್ನಿನಲ್ಲಿ ಬರೆಯಿರಿ. ಕ್ರಿಸ್‌ಮಸ್ ಜಾಗ ಬಿಟ್ಟು ಕದಲುವುದಿಲ್ಲ, ಅದರ ಹಿಂದಿನ ನಾಲ್ಕು ಭಾನುವಾರ ಅದಕ್ಕೆ ಸಿದ್ಧವಾಗುವ ಆಗಮನ ಕಾಲ. ಈಸ್ಟರ್ ಮಾತ್ರ ವರ್ಷ ವರ್ಷ ಸರಿಯುತ್ತದೆ: 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಅದಕ್ಕೆ 46 ದಿನ ಹಿಂದೆ ಎಣಿಸಿದರೆ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರ. ಭಾನುವಾರಗಳನ್ನು ಬಿಟ್ಟರೆ ನಲವತ್ತು ದಿನದ ಉಪವಾಸ ಕಾಲ ಸರಿಯಾಗಿ ಕೂರುತ್ತದೆ. ಕ್ಯಾಥೊಲಿಕರಾದರೆ ಸೆಪ್ಟೆಂಬರ್ 8ರ ಹರಿಹರದ ಆರೋಗ್ಯ ಮಾತೆಯ ಹಬ್ಬವನ್ನೂ ಸೇರಿಸಿ. ದಾವಣಗೆರೆಯಿಂದ ನಡೆದು ಹೋಗುವವರು ಮರುದಿನ ತರಗತಿಯಲ್ಲಿ ಕಣ್ಣು ಬಿಡಲಾಗದೆ ಕೂರುವುದನ್ನು ನೋಡಿದ್ದೇನೆ. ಆ ಮರುದಿನಕ್ಕೂ ಒಂದು ಗುರುತು ಹಾಕಿ.

ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಅದು ನೀವು ಸೇವೆ ಮಾಡಬೇಕೆಂದಿರುವ ಜನರ ಕ್ಯಾಲೆಂಡರ್. ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ನಿಮ್ಮ ಅಗತ್ಯ ಹೆಚ್ಚಿರುವುದು ಫೆಬ್ರುವರಿ, ಮಾರ್ಚ್‌ನಲ್ಲಿ. ರಂಜಾನ್ ತಿಂಗಳಲ್ಲಿ ಕೆಲವು ಓಣಿಗಳ ಮಕ್ಕಳು ಸಂಜೆ ಬರಲಾರರು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಊರಿಗೆ ಊರೇ ನೆಂಟರಿಂದ ತುಂಬಿರುತ್ತದೆ, ಆ ವಾರ ಯಾವ ಮಗುವೂ ಮಗ್ಗಿ ಹೇಳುವುದಿಲ್ಲ.

ಮೂರೂ ಇಳಿಸಿದ ಮೇಲೆ ಹಾಳೆ ಎದುರು ಸುಮ್ಮನೆ ಹತ್ತು ನಿಮಿಷ ಕೂತು ನೋಡಿ. ಎಲ್ಲಿ ಮೂರೂ ಒಟ್ಟಿಗೆ ಮೈಮೇಲೆ ಬೀಳುತ್ತವೋ ಅಲ್ಲಿ ಕೆಂಪು ಗೆರೆ ಎಳೆಯಿರಿ. ನನ್ನ ಹಾಳೆಯಲ್ಲಿ ಕೆಂಪು ಬಿದ್ದದ್ದು ಡಿಸೆಂಬರ್ ಎರಡನೇ ವಾರಕ್ಕೆ ಮತ್ತು ಇಡೀ ಮಾರ್ಚ್‌ಗೆ.

ಬೆಳಗಿನ ಅರ್ಧ ಗಂಟೆ

ಜನವರಿ 1ಕ್ಕೆ ಆದಿಕಾಂಡದಿಂದ ಹಿಡಿದು ವರ್ಷದಲ್ಲಿ ಇಡೀ ಸತ್ಯವೇದ (ಬೈಬಲ್) ಓದಿ ಮುಗಿಸುತ್ತೇನೆಂದು ಹೊರಡುವವರು ಫೆಬ್ರುವರಿಯಲ್ಲಿ ಯಾಜಕಕಾಂಡದ ಬಲಿಗಳ ನಡುವೆ ಸಿಕ್ಕಿಬೀಳುತ್ತಾರೆ. ನಾನೂ ಬಿದ್ದವಳೇ. 66 ಪುಸ್ತಕಗಳ ಸತ್ಯವೇದದಲ್ಲಿ 1,189 ಅಧ್ಯಾಯ, ದಿನಕ್ಕೆ ಮೂರಕ್ಕಿಂತ ಹೆಚ್ಚು ಓದಬೇಕು. ಕಾಲೇಜಿನ ವರ್ಷಕ್ಕೆ ಇದಕ್ಕಿಂತ ಹಗುರದ ದಾರಿ ಇದೆ. ಸತ್ಯವೇದದ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯ. ವಾರಕ್ಕೆ ಐದರಂತೆ ಓದಿದರೆ 52 ವಾರಕ್ಕೆ ಲೆಕ್ಕ ಚುಕ್ತಾ. ಸೋಮವಾರದಿಂದ ಶುಕ್ರವಾರ ದಿನಕ್ಕೊಂದು, ಶನಿವಾರ ಬಿಟ್ಟುಹೋದದ್ದು, ಭಾನುವಾರ ಸಭೆ. ಮಾರ್ಕನ ಸುವಾರ್ತೆಯಿಂದ ಶುರುಮಾಡಿ. ಹದಿನಾರೇ ಅಧ್ಯಾಯ, ಕಥೆ ಓಡುತ್ತದೆ, ಮೂರು ವಾರ ಮುಗಿದು ನಾಲ್ಕನೆಯದಕ್ಕೆ ಕಾಲಿಡುವಷ್ಟರಲ್ಲಿ ಒಂದು ಪುಸ್ತಕ ಮುಗಿಸಿದ ಧೈರ್ಯ ಬರುತ್ತದೆ.

ಕನ್ನಡದಲ್ಲೇ ಓದಿ, ಗಟ್ಟಿಯಾಗಿ ಓದಿ. ಇಡೀ ಸತ್ಯವೇದ ಕನ್ನಡದಲ್ಲಿ ಮೊದಲು ಅಚ್ಚಾದದ್ದು 1831ರಲ್ಲಿ, ನಮಗೆ ದೂರವೇನಲ್ಲದ ಬಳ್ಳಾರಿಯಲ್ಲಿ. ಈಗ ಸಿಗುವ ಅನುವಾದಗಳಲ್ಲಿ ಹಳೆಯದರ ಗತ್ತು ನನಗಿಷ್ಟ, ಆದರೆ ಅರ್ಥಕ್ಕೆ ಸರಳ ಅನುವಾದವನ್ನು ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ಓದಿದ್ದರಲ್ಲಿ ಒಂದು ಸಾಲು ನೋಟ್‌ಬುಕ್ಕಿಗೆ ಬರೆಯಿರಿ. ಬರೀ ಒಂದು ಸಾಲು. ಪುಟಗಟ್ಟಲೆ ಬರೆಯುವ ಉತ್ಸಾಹ ಒಂಬತ್ತನೇ ದಿನಕ್ಕೆ ಇಳಿದುಹೋಗುತ್ತದೆ.

ಬಾಡಿಗೆ ಕೋಣೆಯಲ್ಲೋ ಹಾಸ್ಟೆಲಿನಲ್ಲೋ ಇದ್ದರೆ ಜೊತೆಗಿರುವವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ನನ್ನ ಜೊತೆಗಾರ್ತಿ ಐದೂವರೆಗೆ ಎದ್ದು ಊದಿನಕಡ್ಡಿ ಹಚ್ಚಿ ಲಿಂಗಪೂಜೆಗೆ ಕೂರುತ್ತಿದ್ದಳು. ನಾನು ಕಿಟಕಿ ಪಕ್ಕ ಕೂತು ಓದುತ್ತಿದ್ದೆ. ಆರು ಗಂಟೆವರೆಗೆ ಇಬ್ಬರೂ ಮೊಬೈಲ್ ಮುಟ್ಟಬಾರದು ಅನ್ನುವ ಒಪ್ಪಂದ. ಇಬ್ಬರಲ್ಲಿ ಒಬ್ಬರು ಏಳದಿದ್ದರೆ ಇನ್ನೊಬ್ಬರು ಹೊದಿಕೆ ಎಳೆಯುವುದು. ಈ ಒಪ್ಪಂದ ಇಲ್ಲದಿದ್ದರೆ ನನ್ನ 260 ಅಧ್ಯಾಯ ನೂರಕ್ಕೇ ನಿಲ್ಲುತ್ತಿತ್ತು.

ವಾರಕ್ಕೆ ನಾಲ್ಕು ಗಂಟೆ, ಬಸ್ಸೂ ಸೇರಿ

ಅವ್ವನ ಪ್ರಶ್ನೆಗೆ ಈಗ ಉತ್ತರ ಹೇಳಬಲ್ಲೆ. ಓದು ಬೇರೆ, ದೇವರ ಕೆಲಸ ಬೇರೆ ಅಂತ ಎರಡು ತಟ್ಟೆ ಇಟ್ಟು ತೂಗಿದ್ದೇ ನನ್ನ ತಪ್ಪು. ನೀವು ತರಗತಿಗೆ ಕೂರುವುದಕ್ಕೆ ಯಾರದೋ ಬೆವರು ಖರ್ಚಾಗಿದೆ, ಅದನ್ನು ನೀಟಾಗಿ ಮುಗಿಸುವುದೂ ಸೇವೆಯ ಲೆಕ್ಕಕ್ಕೇ ಬರುತ್ತದೆ. ಹಾಜರಾತಿ 75 ಶೇಕಡಾ ಬೇಕು. ನೂರು ತರಗತಿಯಲ್ಲಿ ಇಪ್ಪತ್ತೈದು ತಪ್ಪಿಸಬಹುದು ಅಂತ ಖುಷಿಪಡಬೇಡಿ. ಜ್ವರ, ಅಕ್ಕನ ಮದುವೆ, ಬಸ್ ಕೈಕೊಟ್ಟ ದಿನ ಎಲ್ಲ ಅದರಲ್ಲೇ ಆಗಬೇಕು. ಸೇವೆಗೆಂದು ಒಂದು ತರಗತಿಯನ್ನೂ ತಪ್ಪಿಸದಿರುವುದು ನನ್ನ ನಿಯಮ.

ಹಾಗಾದರೆ ಸೇವೆಗೆ ಎಷ್ಟು ಹೊತ್ತು? ವಾರಕ್ಕೆ ನಾಲ್ಕು ಗಂಟೆ. ಹೋಗಿಬರುವ ಹೊತ್ತು, ಆಮೇಲೆ ಟೀ ಕುಡಿಯುತ್ತ ಹರಟುವ ಹೊತ್ತು ಎಲ್ಲ ಸೇರಿಯೇ. ಕಡಿಮೆ ಅನ್ನಿಸುತ್ತದೆ, ಗೊತ್ತು. ಆದರೆ ಕೇಳಿಕೊಳ್ಳಬೇಕಾದದ್ದು ಪರೀಕ್ಷೆಯ ಹಿಂದಿನ ವಾರ ನಿಮ್ಮಿಂದ ಎಷ್ಟಾಗುತ್ತದೆ ಅಂತ. ಆಗ ಕೊಡಲಾಗುವಷ್ಟನ್ನೇ ಜೂನ್‌ನಲ್ಲೂ ಒಪ್ಪಿಕೊಳ್ಳಿ. ಉತ್ಸಾಹ ಉಕ್ಕಿದ ದಿನ ಹೆಚ್ಚು ಕೊಡಿ, ಆದರೆ ಮಾತು ಕೊಡಬೇಡಿ.

ಇನ್ನು ಇಲ್ಲ ಅನ್ನುವುದು. ನಮ್ಮ ಕಡೆ ಹಿರಿಯರಿಗೆ, ಅದರಲ್ಲೂ ಸಭೆಯ ಪಾದ್ರಿ ಅಯ್ಯನೋರಿಗೆ, ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ನಾನು ಹಾಳೆಯನ್ನೇ ಸುರುಳಿ ಸುತ್ತಿ ತೆಗೆದುಕೊಂಡು ಹೋದೆ. "ಅಯ್ಯನೋರೇ, ಈ ವರ್ಷ ಸಂಜೆಪಾಠ ಒಂದೇ ನನ್ನ ಜವಾಬ್ದಾರಿ. ಕ್ಯಾರಲ್‌ಗೆ ಕೊನೇ ಎರಡು ದಿನ ಬರ್ತೀನಿ. ಕೆಂಪು ಗೆರೆ ಇರೋ ವಾರ ನೀವೇ ನೋಡ್ರಿ." ಅವರು ಕನ್ನಡಕ ಏರಿಸಿ ಹಾಳೆ ಪೂರ್ತಿ ನೋಡಿದರು. "ಮೋಶೆಗೂ ಅವರ ಮಾವ ಇದನ್ನೇ ಹೇಳಿದ್ದಮ್ಮ, ಎಲ್ಲ ನೀನೊಬ್ಬನೇ ಮಾಡಿದ್ರೆ ಸೋತು ಹೋಗ್ತೀಯ ಅಂತ" ಅಂದರು. ವಿಮೋಚನಕಾಂಡ 18ನೇ ಅಧ್ಯಾಯ. ಆಮೇಲೆ ತಮ್ಮ ಡೈರಿ ತೆಗೆದು ನನ್ನ ಪರೀಕ್ಷೆಯ ದಿನಗಳನ್ನು ಬರೆದುಕೊಂಡರು. ನನ್ನ ಭಯವೆಲ್ಲ ದಂಡವಾಗಿತ್ತು.

ಸಂಜೆಪಾಠ ಶುರುಮಾಡುವ ಬಗೆ

ಸೇವೆ ಅಂದರೆ ಬೇಕಾದಷ್ಟಿದೆ. ವಿದ್ಯಾರ್ಥಿಗೆ ಒಗ್ಗುವುದು ಪಾಠ ಹೇಳುವುದು, ಯಾಕೆಂದರೆ ನಿಮ್ಮ ಹತ್ತಿರ ಇರುವ ಆಸ್ತಿ ಅದೊಂದೇ. ನಾನು ಹೋದದ್ದು ಮಂಡಕ್ಕಿ ಭಟ್ಟಿಗಳ ಕಡೆಗೆ. ಬೆಣ್ಣೆ ದೋಸೆಯ ಊರು ಅಂತ ನಮಗೆ ಹೆಸರು. ಆದರೆ ಕರಿದ ಮೆಣಸಿನಕಾಯಿಯ ಜೊತೆ ನಾವು ಮುಕ್ಕುವ ಮಂಡಕ್ಕಿ ಎಲ್ಲಿಂದ ಬರುತ್ತದೆಂದು ಊರಲ್ಲೇ ಹುಟ್ಟಿದ ಎಷ್ಟೋ ಜನ ನೋಡಿಲ್ಲ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಕಾದ ಮರಳಿನಲ್ಲಿ ಹುರಿಯುವ ಕೆಲಸ ನಸುಕಿಗೇ ಶುರುವಾಗುತ್ತದೆ. ಆ ಮನೆಗಳ ಮಕ್ಕಳು ಹೊಗೆಯಲ್ಲೇ ಏಳುತ್ತಾರೆ.

ಮಕ್ಕಳನ್ನು ಸೇರಿಸುವ ಮೊದಲು ಮೂರು ಸಂಜೆ ಸುಮ್ಮನೆ ಓಣಿಯಲ್ಲಿ ಓಡಾಡಿ. ತಾಯಂದಿರೊಂದಿಗೆ ಮಾತಾಡಿ, ಸರ್ಕಾರಿ ಶಾಲೆಯ ಟೀಚರ್, ಅಂಗನವಾಡಿ ಅಕ್ಕನನ್ನು ಕಂಡು ಬನ್ನಿ. ಬೇರೆ ಯಾರಾದರೂ ಈಗಾಗಲೇ ಪಾಠ ಹೇಳುತ್ತಿದ್ದರೆ ಅವರ ಜೊತೆ ಸೇರಿ, ಹೊಸ ಬೋರ್ಡು ನೆಡಬೇಡಿ. ಜಾಗ ತೆರೆದದ್ದಾಗಿರಲಿ: ದಾರಿಗೆ ಕಾಣುವ ಜಗಲಿ, ಸಮುದಾಯ ಭವನದ ವರಾಂಡ. ಮುಚ್ಚಿದ ಬಾಗಿಲ ಹಿಂದೆ ಮಕ್ಕಳೊಂದಿಗೆ ಒಬ್ಬರೇ ಕೂರಬೇಡಿ. ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು. ಮಗುವಿನ ಮೈಮೇಲೆ ಗಾಯವೋ ಮುಖದಲ್ಲಿ ಹೆದರಿಕೆಯೋ ಕಂಡರೆ ನೀವೇ ವಿಚಾರಣೆಗೆ ಇಳಿಯದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಈ ನಂಬರನ್ನು ಗೋಡೆಯ ಮೇಲೂ ಬರೆದಿಡಿ.

ಒಂದು ಮಾತನ್ನು ಬಿಡಿಸಿ ಹೇಳಬೇಕು. ಸಂಜೆಪಾಠದಲ್ಲಿ ಪಾಠ ಮಾತ್ರ. ಅಲ್ಲಿ ಬರುವ ಮಕ್ಕಳಲ್ಲಿ ಹೆಚ್ಚಿನವರು ಮುಸ್ಲಿಮರು, ಉಳಿದವರು ಹಿಂದೂಗಳು. ಲೆಕ್ಕ ಹೇಳಿಕೊಡುತ್ತೇನೆಂದು ಕರೆದು ಪ್ರಾರ್ಥನೆ ಹೇಳಿಕೊಟ್ಟರೆ ಅದು ಆ ತಾಯಂದಿರಿಗೆ ಮಾಡುವ ಮೋಸ. ಸಂಕಟವನ್ನೂ ತರುತ್ತದೆ, ಆದರೆ ಸಂಕಟಕ್ಕೆ ಹೆದರಿ ಹೇಳುತ್ತಿಲ್ಲ. ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗಬಾರದು ಅಂದ ಗುರುವಿನ ಶಿಷ್ಯರು ನಾವು, ಕೊಟ್ಟದ್ದಕ್ಕೆ ಚೀಟಿ ಅಂಟಿಸುವುದು ಯಾಕೆ? "ನೀವು ಯಾರು, ಯಾಕ ಬರ್ತೀರಿ?" ಅಂತ ಒಬ್ಬ ತಾಯಿ ಕೇಳಿದಾಗ ಮುಚ್ಚುಮರೆ ಮಾಡಲಿಲ್ಲ. "ಚರ್ಚಿನವಳು ಅಕ್ಕಾ, ಕಾಲೇಜಿಗೆ ಹೋಗ್ತೀನಿ, ನನಗೆ ಬರೋದು ಲೆಕ್ಕ ಒಂದೇ" ಅಂದೆ. "ಹಂಗಾರ ಇವ್ನಿಗೆ ಭಾಗಾಕಾರ ಕಲಿಸು" ಅಂತ ಮಗನನ್ನು ಮುಂದಕ್ಕೆ ತಳ್ಳಿದಳು.

ಮೊದಲ ದಿನ ತರಗತಿ ಕೇಳಿ ಗುಂಪು ಮಾಡಬೇಡಿ. ಪ್ರತಿ ಮಗುವಿಗೂ ಎರಡನೇ ತರಗತಿಯ ಪುಸ್ತಕದ ನಾಲ್ಕು ಸಾಲು ಕೊಟ್ಟು ಓದಿಸಿ, ಎರಡು ಕೂಡುವ ಲೆಕ್ಕ, ಎರಡು ಕಳೆಯುವ ಲೆಕ್ಕ ಕೊಡಿ. ಏಳನೇ ತರಗತಿಯ ಹುಡುಗ ಒತ್ತಕ್ಷರ ಬಂದಲ್ಲೆಲ್ಲ ನಿಲ್ಲಬಹುದು, ನಾಲ್ಕರ ಹುಡುಗಿ ಸರಾಗ ಓದಬಹುದು. ಬರುವುದನ್ನು ನೋಡಿ ಮೂರು ಗುಂಪು ಮಾಡಿ: ಅಕ್ಷರ, ಕಾಗುಣಿತದಲ್ಲಿರುವವರು, ಒತ್ತಕ್ಷರದಲ್ಲಿ ಎಡವುವವರು, ಓದಬಲ್ಲವರು. ಮನೆಯಲ್ಲಿ ಉರ್ದು ಮಾತಾಡುವ ಮಗುವಿಗೆ ಅಲ್ಪಪ್ರಾಣ, ಮಹಾಪ್ರಾಣ ಕಷ್ಟವಲ್ಲ, ಅದು ಖ, ಘ ನಮಗಿಂತ ಚೆನ್ನಾಗಿ ಅನ್ನುತ್ತದೆ. ತೊಡಕು ಇರುವುದು ಳ, ಣಗಳಲ್ಲಿ. ಅದಕ್ಕೆ ನಗಬೇಡಿ, ನಗುವ ಮಕ್ಕಳನ್ನೂ ತಡೆಯಿರಿ.

ಲೆಕ್ಕಕ್ಕೆ ಅವರ ಲೋಕವನ್ನೇ ತನ್ನಿ. ಸ್ಲೇಟಿನ ಮೇಲೆ 12 ಗುಣಿಸು 8 ಅಂದರೆ ಬೆಪ್ಪಾಗುತ್ತಿದ್ದ ಆರನೇ ತರಗತಿ ಹುಡುಗಿ, "ಒಂದು ಚೀಲ ತುಂಬಾಕ ಹನ್ನೆರಡು ಪುಟ್ಟಿ ಮಂಡಕ್ಕಿ ಬೇಕಂದ್ರ ಎಂಟು ಚೀಲಕ್ಕ?" ಅಂದಾಗ ಥಟ್ಟನೆ 96 ಅಂದಳು. ಅವಳಿಗೆ ಗುಣಾಕಾರ ಬರುತ್ತಿತ್ತು, ಗುಣಾಕಾರದ ಗುರುತು ಬರುತ್ತಿರಲಿಲ್ಲ. ಎರಡು ವಾರ ಚೀಲ, ಪುಟ್ಟಿಗಳಲ್ಲೇ ಮಾಡಿಸಿ ಆಮೇಲೆ ಮೆಲ್ಲಗೆ ಗುರುತಿಗೆ ಬಂದೆವು.

ವಾರಕ್ಕೆ ಎರಡು ದಿನ, ಒಂದೂವರೆ ಗಂಟೆ, ಅಷ್ಟೇ. ಮಂಗಳವಾರ, ಶುಕ್ರವಾರ ಅಂದರೆ ಮಂಗಳವಾರ, ಶುಕ್ರವಾರ. ಹಾಜರಿ ಪುಸ್ತಕ ಒಂದಿರಲಿ, ಅದರಲ್ಲಿ ಮಕ್ಕಳಿಗಿಂತ ಮೇಲೆ ನಿಮ್ಮ ಹೆಸರಿರಲಿ. ಬರಲಾಗದ ದಿನ ಜೊತೆಗಾರರು ಬರಲಿ. ಇಬ್ಬರೂ ಬರಲಾಗದಿದ್ದರೆ ಹಿಂದಿನ ದಿನವೇ ಹೋಗಿ ಹೇಳಿ ಬನ್ನಿ. ಭಟ್ಟಿಯ ಮಕ್ಕಳಿಗೆ ಬಂದು ಹೋಗುವ ಅಕ್ಕ, ಅಣ್ಣಂದಿರು ಹೊಸಬರಲ್ಲ. ಬಂದವರು ಎಷ್ಟು ದಿನ ಇರುತ್ತಾರೆಂದು ಅವರು ಎಣಿಸುತ್ತಿರುತ್ತಾರೆ. ಪರೀಕ್ಷೆಯ ವಾರ ನಾನು ಪಾಠ ನಿಲ್ಲಿಸಲಿಲ್ಲ. ನನ್ನ ಕಾಸ್ಟ್ ಅಕೌಂಟಿಂಗ್ ಪುಸ್ತಕ ಹಿಡಿದು ಅದೇ ಜಗಲಿಯ ಮೇಲೆ ಕೂತೆ, ಅವರೂ ತಮ್ಮ ಪುಸ್ತಕ ಹಿಡಿದು ಕೂತರು. ಯಾರೂ ಯಾರಿಗೂ ಏನೂ ಹೇಳಿಕೊಡಲಿಲ್ಲ. ಆ ವರ್ಷ ನಾನು ಚೆನ್ನಾಗಿ ಓದಿದ ಗಂಟೆಗಳು ಅವೇ ಇರಬೇಕು.

ಖರ್ಚು ದೊಡ್ಡದಲ್ಲ: ಸೀಮೆಸುಣ್ಣ, ಪೆನ್ಸಿಲ್, ಹಳೆ ಪಠ್ಯಪುಸ್ತಕ. ಸಭೆಯಿಂದ ದುಡ್ಡು ಬಂದರೆ ರೂಪಾಯಿ ರೂಪಾಯಿಗೂ ಲೆಕ್ಕ ಬರೆದು ತಿಂಗಳಿಗೊಮ್ಮೆ ಖಜಾಂಚಿಗೆ ತೋರಿಸಿ, ಕೇಳದಿದ್ದರೂ. ಹೋಗಿಬರಲು ಹುಡುಗಿಯರಿಗೆ 2023ರ ಜೂನ್‌ನಿಂದ ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣ ಉಂಟು. ನಮ್ಮಲ್ಲಿ ಖಾಸಗಿ ಬಸ್ಸುಗಳೂ ಬಹಳ, ಅವುಗಳಲ್ಲಿ ಅದು ನಡೆಯುವುದಿಲ್ಲ. ಹತ್ತುವ ಮೊದಲು ನೋಡಿಕೊಳ್ಳಿ.

ಅರ್ಜಿಯ ಮೇಜು

ಪಾಠ ಹೇಳಲು ಬಾರದವರಿಗೆ, ಮಾತೇ ಕಡಿಮೆ ಇರುವವರಿಗೆ, ಇದು ಸರಿಯಾದ ಕೆಲಸ. ತಿಂಗಳಿಗೆ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ (ಎಲ್ಲರೂ ಬೆಣ್ಣೆ ದೋಸೆಗೆ ಓಡುವ ಮೊದಲು) ಚರ್ಚಿನ ಅಂಗಳದಲ್ಲಿ ಒಂದು ಮೇಜು ಹಾಕಿ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ, ಅದಕ್ಕೆ ಬೇಕಾದ ಜಾತಿ, ಆದಾಯ ಪ್ರಮಾಣ ಪತ್ರಕ್ಕೆ ನಾಡಕಚೇರಿಯ ಅರ್ಜಿ, ವೃದ್ಧರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ. ನಮ್ಮ ಸಭೆಯಲ್ಲಿ ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ದುಡಿದ ಅಜ್ಜಂದಿರಿದ್ದಾರೆ. ಪಿಂಚಣಿ ಇರುವವರು ವರ್ಷಕ್ಕೊಮ್ಮೆ ಬದುಕಿದ್ದೇನೆಂದು ಜೀವನ ಪ್ರಮಾಣ ಪತ್ರ ಕೊಡಬೇಕು. ದುಡಿದು ಸವೆದ ಬೆರಳಿನ ಗುರುತು ಯಂತ್ರಕ್ಕೆ ಹತ್ತುವುದಿಲ್ಲ, ಮೊಬೈಲ್‌ನಲ್ಲಿ ಮುಖ ತೋರಿಸಿ ಕೊಡಬಹುದು ಅನ್ನುವುದು ಅವರಿಗೆ ತಿಳಿದಿರುವುದಿಲ್ಲ.

ಇಲ್ಲಿನ ನಿಯಮಗಳು ಕಟ್ಟುನಿಟ್ಟು. ಓಟಿಪಿ ಅವರ ಫೋನಿಗೇ ಬರಲಿ, ಅವರೇ ಓದಿ ಹೇಳಲಿ. ಆಧಾರ್‌ನ ಫೋಟೊ ನಿಮ್ಮ ಮೊಬೈಲ್‌ನಲ್ಲಿ ಉಳಿಯಬಾರದು, ಕೆಲಸ ಮುಗಿದ ಕೂಡಲೇ ಅವರ ಎದುರೇ ಅಳಿಸಿ. ಅರ್ಜಿ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೈಗೆ ಕೊಡಿ. "ದುಡ್ಡು ಬರುತ್ತೆ" ಅಂತ ಭರವಸೆ ಕೊಡಬೇಡಿ, "ಅರ್ಜಿ ಹೋಗಿದೆ" ಅನ್ನಿ.

ಆಸ್ಪತ್ರೆ ಭೇಟಿಗೆ ಹೋಗುವುದಾದರೆ ಒಬ್ಬೊಬ್ಬರ ಬಳಿ ಹತ್ತು ನಿಮಿಷ ಸಾಕು. ಕಾಯಿಲೆ ಏನೆಂದು ಕೇಳಬೇಡಿ, ಹಾಸಿಗೆಯ ಮೇಲೆ ಕೂರಬೇಡಿ, ಫೋಟೊ ಬೇಡವೇ ಬೇಡ. ರೋಗಿಗಿಂತ ಜೊತೆಗಿರುವವರಿಗೆ ನಿಮ್ಮ ಅಗತ್ಯ ಹೆಚ್ಚು. ನೀವು ಕೂತಿದ್ದರೆ ಅವರು ಹೋಗಿ ಸ್ನಾನ ಮಾಡಿ ಬರಬಹುದು. ಎರಡು ವೈದ್ಯಕೀಯ ಕಾಲೇಜು ಇರುವ ಊರಿದು, ಸುತ್ತಲಿನ ಜಿಲ್ಲೆಗಳಿಂದ ರೋಗಿಗಳು ಬರುತ್ತಾರೆ, ರಕ್ತ ಯಾವಾಗಲೂ ಬೇಕು. 18 ತುಂಬಿ, ತೂಕ 45 ಕಿಲೋಗೆ ಕಡಿಮೆ ಇಲ್ಲದೆ, ಹಿಮೋಗ್ಲೋಬಿನ್ 12.5 ಇದ್ದರೆ ಕೊಡಬಹುದು. ಹುಡುಗರು ಮೂರು ತಿಂಗಳಿಗೊಮ್ಮೆ, ಹುಡುಗಿಯರು ನಾಲ್ಕು ತಿಂಗಳಿಗೊಮ್ಮೆ.

ಕೆಂಪು ಗೆರೆಯ ದಿನಗಳು

ಡಿಸೆಂಬರ್‌ಗೆ ನನ್ನ ಸಲಹೆ ಇಷ್ಟೇ: ನವೆಂಬರ್‌ನಲ್ಲಿ ಓದಿ ಮುಗಿಸಿ. ಆಗಮನ ಕಾಲ ಶುರುವಾಗುವ ಭಾನುವಾರಕ್ಕೆ ಎಲ್ಲ ವಿಷಯಗಳೂ ಒಂದು ಸುತ್ತು ಆಗಿರಬೇಕು ಅಂತ ಗಡುವು ಹಾಕಿಕೊಂಡರೆ ಕೊನೆಯ ಎರಡು ರಾತ್ರಿಯ ಕ್ಯಾರಲ್‌ಗೆ ಮನಸ್ಸು ತುಂಬಿ ಹಾಡಬಹುದು.

ಉಪವಾಸ ಕಾಲದಲ್ಲಿ ಊಟ ಬಿಡುವುದಾದರೆ ಲೆಕ್ಕಾಚಾರ ಇರಲಿ. ಪರೀಕ್ಷೆಯ ದಿನ, ರಕ್ತ ಕೊಟ್ಟ ವಾರ ಬೇಡ. ನಾನು ಸಂಜೆಯ ಮಿರ್ಚಿ, ಮಂಡಕ್ಕಿ ಬಿಟ್ಟು ಆ ದುಡ್ಡನ್ನು ಡಬ್ಬಿಗೆ ಹಾಕುತ್ತಿದ್ದೆ. ಮಂಡಕ್ಕಿ ಬಿಟ್ಟದ್ದನ್ನು ಭಟ್ಟಿಯ ಮಕ್ಕಳಿಗೆ ಹೇಳಿಬಿಟ್ಟೆ, "ಎಲ್ರೂ ಬಿಟ್ರ ನಮ್ಮಪ್ಪ ಏನ್ ಮಾಡ್ಬೇಕು ಅಕ್ಕಾ?" ಅಂತ ಒಬ್ಬ ಕೇಳಿದ. ಮರುದಿನದಿಂದ ಮಂಡಕ್ಕಿ ತಿಂದೆ, ಮೊಬೈಲ್‌ನ ರೀಲ್ಸ್ ಬಿಟ್ಟೆ. ಅದೇ ಹೆಚ್ಚು ಕಷ್ಟವಾಯಿತು.

ಏಪ್ರಿಲ್, ಮೇನಲ್ಲಿ ಶಾಲೆಗಳಿಗೆ ರಜೆ, ಸಭೆಯಲ್ಲಿ ವಿಬಿಎಸ್, ಅಂದರೆ ಮಕ್ಕಳ ರಜಾ ಬೈಬಲ್ ಶಾಲೆ. ಅದಕ್ಕೆ ಸ್ವಯಂಸೇವಕರು ಬೇಕೇ ಬೇಕು, ಆದರೆ ನಿಮ್ಮ ಸಮ ಸೆಮಿಸ್ಟರ್ ಆಗ ನಡುವಿನಲ್ಲಿರುತ್ತದೆ. ಪೂರ್ತಿ ಹತ್ತು ದಿನ ಒಪ್ಪದೆ ಒಂದು ಕೆಲಸ ಹಿಡಿಯಿರಿ: ಕರಕುಶಲ, ಇಲ್ಲವೇ ಆಟ. ನಮ್ಮ ಬಿಸಿಲಿಗೆ ಎಂಟೂವರೆಗೆ ಶುರುಮಾಡಿ ಹನ್ನೊಂದೂವರೆಗೆ ಮುಗಿಸಿದರೆ ಮಕ್ಕಳೂ ಉಳಿದಾರು, ನಿಮ್ಮ ಮಧ್ಯಾಹ್ನದ ತರಗತಿಯೂ.

ಕೈದಾಟಿಸುವುದು

ವರ್ಷ ಮುಗಿಯುವ ಎರಡು ತಿಂಗಳ ಮೊದಲೇ ನಿಮ್ಮ ನಂತರ ಯಾರು ಅಂತ ಹುಡುಕಿ. ಮೊದಲ ವರ್ಷದವರೊಬ್ಬರನ್ನು ಕರೆದು ನಾಲ್ಕು ವಾರ ಸುಮ್ಮನೆ ಪಕ್ಕದಲ್ಲಿ ಕೂರಿಸಿ, ಮುಂದಿನ ನಾಲ್ಕು ವಾರ ಅವರು ಪಾಠ ಮಾಡಲಿ, ನೀವು ಪಕ್ಕದಲ್ಲಿ ಕೂರಿ. ಹಾಜರಿ ಪುಸ್ತಕದ ಕೊನೆಯ ಪುಟಗಳಲ್ಲಿ ಪ್ರತಿ ಮಗುವಿಗೂ ಎರಡು ಸಾಲು ಬರೆಯಿರಿ: ಯಾವ ಒತ್ತಕ್ಷರದಲ್ಲಿ ನಿಂತಿದೆ, ಮನೆಯಲ್ಲಿ ಯಾರನ್ನು ಕಂಡರೆ ಕೆಲಸವಾಗುತ್ತದೆ. ಖರ್ಚಿನ ಲೆಕ್ಕ, ಉಳಿದ ಪೆನ್ಸಿಲ್‌ಗಳು, ಬೋರ್ಡು ಒರೆಸುವ ಬಟ್ಟೆ ಎಲ್ಲ ಒಂದು ಚೀಲದಲ್ಲಿ ಹಾಕಿ ಕೊಡಿ. ಕೊನೆಯ ಶುಕ್ರವಾರ ತಾಯಂದಿರ ಮನೆಗೆ ಹೊಸಬರನ್ನು ಕರೆದುಕೊಂಡು ಹೋಗಿ ಪರಿಚಯಿಸಿ.

ನಾನು ಹಾಗೆ ಹೋದಾಗ ಭಾಗಾಕಾರದ ಹುಡುಗನ ತಾಯಿ ಹೊಸ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, "ಮಂಗಳವಾರ, ಶುಕ್ರವಾರ ತಾನೆ?" ಅಂದಳು. ಅವಳು ಹೂಂ ಅಂದಳು. ನಾನು ಚೀಲ ಅವಳ ಕೈಗೆ ಕೊಟ್ಟೆ.